ಗುಮಾನಿ ನೀಲಗಿರಿ ಮೇಲೆ, ಪೂಜೆ ಬೋರಿಗೆ

ಕೋಲಾರದ ಕಡೆ ಬೋರು ಕೊರೆಸುವುದೆಂದರೆ ಒಂದು ಸಣ್ಣ ಜಾತ್ರೆ. ಪಾಯಿಂಟು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುತ್ತಾರೆ. ಬೋರ್‌ವೆಲ್ ಲಾರಿ ಬಂದ ಮೇಲೆ ಗಂಗಮ್ಮನಿಗೆ ಪೂಜೆ, ಅರಿಶಿನ, ಕುಂಕುಮ, ಕಾಯಿ. ಲಾರಿಗಳಲ್ಲಿ ಬಹುಪಾಲು ತಮಿಳುನಾಡಿನ ತಿರುಚೆಂಗೋಡಿನವು. ಆಮೇಲೆ ಇಡೀ ರಾತ್ರಿ ಬಂಡೆ ಪುಡಿಯಾಗಿ ಬಿಳಿ ದೂಳು ಏಳುತ್ತದೆ, ಮನೆಯವರು ಆ ದೂಳು ಯಾವಾಗ ಕೆಸರಾಗುತ್ತದೋ ಎಂದು ಕಾಯುತ್ತಾರೆ. ಐವತ್ತು ವರ್ಷಗಳಲ್ಲಿ ಈ ಸೀಮೆಯ ಚಹರೆಯನ್ನೇ ಬದಲಿಸಿದ ಯಂತ್ರ ಇದು. ಅದು ಬಂದಾಗ ಯಾರೂ ಅದನ್ನು ಅನುಮಾನದಿಂದ ನೋಡಲಿಲ್ಲ.

ನೋಡದಿದ್ದುದಕ್ಕೆ ಕಾರಣವಿತ್ತು. 1966-67ರ ಬಿಹಾರದ ಬರದಲ್ಲಿ ಯುನಿಸೆಫ್ ಗಟ್ಟಿ ಬಂಡೆಯನ್ನೂ ಬೇಗ ಕೊರೆಯಬಲ್ಲ ರಿಗ್ಗುಗಳನ್ನು ಭಾರತಕ್ಕೆ ತರಿಸಿತು. ಗಾಳಿಯ ಒತ್ತಡದಿಂದ ಸುತ್ತಿಗೆಯ ಹಾಗೆ ಬಡಿಯುತ್ತ ಇಳಿಯುವ ಯಂತ್ರಗಳವು. ಅದರ ಬೆನ್ನಿಗೇ 1970ರ ದಶಕದ ಕೊನೆಯಲ್ಲಿ ಇಂಡಿಯಾ ಮಾರ್ಕ್-2 ಎಂಬ ಕೈಪಂಪು ಬಂತು. ಕುಡಿಯುವ ನೀರಿನ ಲೆಕ್ಕದಲ್ಲಿ ಇವೆರಡೂ ವರವೇ ಸರಿ. ಮೆಟ್ಟಿಲು ಬಾವಿಗೆ ಇಳಿದು, ಕಾಲು ಅದ್ದಿ ನೀರು ತುಂಬುತ್ತಿದ್ದ ಊರುಗಳಲ್ಲಿ ನಾರುಹುಣ್ಣು ಎಂಬ ರೋಗವಿತ್ತು. ಕಾಲಿನಿಂದ ದಾರದಂಥ ಹುಳು ಹೊರಬರುವ ಆ ನರಕ ಕಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2000ನೇ ಇಸವಿಯಲ್ಲಿ ಭಾರತ ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದರಲ್ಲಿ ಕೊಳವೆಬಾವಿಯ ಪಾಲೂ ಇದೆ. ಹಾಗಾಗಿ ಬೋರನ್ನು ಬೈಯುವವರು ಈ ಮಾತು ನುಂಗಬಾರದು.

ಯಡವಟ್ಟಾದದ್ದು ಊರ ಮಧ್ಯದ ಕೈಪಂಪಿನಿಂದಲ್ಲ. ಅದೇ ತೂತು ಹೊಲಕ್ಕೆ ಹೋದಾಗ ಕಥೆ ತಿರುಗಿತು.

ಹಳೆಯ ತೆರೆದ ಬಾವಿಗೆ ಅದರದೇ ಲಗಾಮು ಇತ್ತು. ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆ ಹೊಡೆಯುವ ಎತ್ತು ದಣಿಯುತ್ತಿತ್ತು. ಡೀಸೆಲ್, ಕರೆಂಟಿನ ಪಂಪು ಬಂದ ಮೇಲೂ, ಮೇಲೆ ಕೂತು ಹೀರುವ ಪಂಪು ಸುಮಾರು 25 ಅಡಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಗಾಳಿಯ ಒತ್ತಡ ಅಷ್ಟು ಎತ್ತರಕ್ಕಷ್ಟೇ ನೀರನ್ನು ತಳ್ಳಿಕೊಡುತ್ತದೆ. ಅದಕ್ಕೇ ಬಾವಿಯೊಳಗೇ ಕಟ್ಟೆ ಕಟ್ಟಿ ಪಂಪನ್ನು ಇಳಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಬಾವಿಗೆ ಇಣುಕಿದರೆ ನೀರು ಎಷ್ಟಿದೆಯೆಂದು ಕಾಣುತ್ತಿತ್ತು. ನೀರು ಎರಡು ಮಟ್ಟು ಇಳಿದರೆ ರೈತ ಕಬ್ಬಿನ ಆಸೆ ಬಿಟ್ಟು ರಾಗಿ ಬಿತ್ತುತ್ತಿದ್ದ.

ಸಬ್‌ಮರ್ಸಿಬಲ್ ಮೋಟರು ಈ ಮೂರೂ ಲಗಾಮುಗಳನ್ನು ಒಟ್ಟಿಗೆ ಕಿತ್ತುಹಾಕಿತು. ಅದು ಹೀರುವುದಿಲ್ಲ, ಕೆಳಗೆ ಮುಳುಗಿ ಕೂತು ನೀರನ್ನು ಮೇಲಕ್ಕೆ ನೂಕುತ್ತದೆ. 25 ಅಡಿಯ ಮಿತಿ ಅದಕ್ಕಿಲ್ಲ. ಆರೂವರೆ ಇಂಚಿನ ತೂತಿಗೆ ಇಣುಕಿದರೆ ಕಾಣುವುದು ಕತ್ತಲು ಮಾತ್ರ. ಇನ್ನು ಕರೆಂಟು. ಪಂಪ್‌ಸೆಟ್ಟಿಗೆ ಮೀಟರು ಹೋಗಿ ಮೋಟರಿನ ಎಚ್‌ಪಿ (ಅಶ್ವಶಕ್ತಿ) ನೋಡಿ ಬಿಲ್ಲು ಹಾಕುವ ಲೆಕ್ಕ ಬಂತು, 10 ಎಚ್‌ಪಿವರೆಗೆ ಕೊನೆಗೆ ಅದೂ ಉಚಿತವಾಯಿತು. ರಾತ್ರಿ ಮೂರಕ್ಕೆ ಕರೆಂಟು ಬಂದರೂ ತಾನೇ ಓಡಲಿ ಎಂದು ಸ್ವಿಚ್ಚನ್ನು ಆಟೋ ಸ್ಟಾರ್ಟರಿಗೆ ಕಟ್ಟಿಟ್ಟರು. ರೈತನನ್ನು ದೂರಿ ಫಲವಿಲ್ಲ. ಪಕ್ಕದವನು ಎತ್ತಿಕೊಳ್ಳುವ ನೀರನ್ನು ತಾನು ಉಳಿಸಿ ಏನು ಮಾಡಬೇಕಿತ್ತು? ಕಾನೂನೂ ಹಾಗೇ ಇತ್ತು: 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ, ನೆಲ ಯಾರದೋ ಕೆಳಗಿನ ನೀರೂ ಅವರದೇ. ಆ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಕಪಿಲೆ ಬಾವಿ.

ಈ ಸೀಮೆಯ ಬಂಡೆಯ ಸ್ವಭಾವವನ್ನೂ ಹೇಳಬೇಕು. ಮೇಲಿನ ಶಿಥಿಲ ಪದರ ಮಳೆನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಕೆರೆ ತುಂಬಿದರೆ ಬಾವಿ ತುಂಬುತ್ತಿದ್ದದ್ದು ಇದರಿಂದಲೇ. ಅದರ ಕೆಳಗೆ ಗ್ರಾನೈಟ್, ನೈಸ್ ಬಂಡೆ. ಅಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ, ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಮೇಲಿನ ಪದರ ಖಾಲಿಯಾದ ಮೇಲೆ ಜನ ಬಿರುಕು ಹುಡುಕುತ್ತ 300, 600, 1,000 ಅಡಿ ಇಳಿದರು. ಕಲ್ಲಿನ ಸಂಗದಲ್ಲಿ ಬಹುಕಾಲ ಕೂತ ನೀರಿಗೆ ಫ್ಲೋರೈಡ್ ಇಳಿದಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಬಾಗೇಪಲ್ಲಿ, ಪಾವಗಡಗಳಲ್ಲಿ ಹಲ್ಲು ಕಂದಾದ ಮಕ್ಕಳನ್ನು, ಮಂಡಿ ಮಡಿಸಲಾಗದ ಹಿರಿಯರನ್ನು ನೋಡಿದರೆ ಲೆಕ್ಕ ತಿಳಿಯುತ್ತದೆ: ನಾರುಹುಣ್ಣಿನಿಂದ ಕಾಪಾಡಿದ ತೂತೇ ಆಳವಾದಾಗ ಮೂಳೆಗೆ ಕೈ ಹಾಕಿತು.

ಹಾಗಾದರೆ ಜನಕ್ಕೆ ಹೊಸದರ ಬಗ್ಗೆ ಗುಮಾನಿಯೇ ಇರಲಿಲ್ಲವೆ? ಇತ್ತು, ಬೇರೆ ಕಡೆಗಿತ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಕೋಲಾರ, ತುಮಕೂರಿನ ಬಯಲಿಗೆ ನೀಲಗಿರಿ ಸಸಿ ನುಗ್ಗಿತು. ನಂದಿಬೆಟ್ಟಕ್ಕೆ ಟಿಪ್ಪು ಕಾಲದಲ್ಲೇ ಬಂದಿತ್ತು ಎನ್ನುವ ಮರ ಈಗ ರಾಗಿ ಹೊಲಕ್ಕೆ ಇಳಿಯಿತು, ಕಾಗದ, ರೇಯಾನ್ ಕಾರ್ಖಾನೆಗಳಿಗೆ ಮರದ ತಿರುಳು ಬೇಕಿತ್ತು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಮೆರವಣಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲೇ ಹುಣಸೆ, ಮಾವಿನ ಬೀಜ ಊರಿದರು. ನೀರು ಕುಡಿಯುವ ಮರ ಎಂಬ ಅವರ ದೂರು ಸುಳ್ಳೇನಲ್ಲ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ನನಗೆ ಕುತೂಹಲ ಇರುವುದು ಇಲ್ಲಿ. ಒಂದೇ ನೆಲಕ್ಕೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದ ಇಬ್ಬರು ನೆಂಟರಲ್ಲಿ ಒಬ್ಬನನ್ನು ಬೇರುಸಹಿತ ಕಿತ್ತರು, ಇನ್ನೊಬ್ಬನಿಗೆ ಆರತಿ ಎತ್ತಿದರು. ನೀಲಗಿರಿಯ ಲಾಭ ಬೇರೆ ಯಾರಿಗೋ ಹೋಗುತ್ತಿತ್ತು, ಹಾಗಾಗಿ ಅದರ ಕೆಡುಕು ಬೇಗ ಕಂಡಿತು. ಬೋರಿನ ಲಾಭ ನಮ್ಮ ಕಾಲುವೆಯಲ್ಲೇ ಹರಿಯುತ್ತಿತ್ತು. ಅದರ ಟೊಮೆಟೊ, ರೇಷ್ಮೆ, ಹಾಲಿನ ದುಡ್ಡಿನಲ್ಲೇ ಮಕ್ಕಳು ಕಾಲೇಜು ಕಂಡದ್ದು. ಅಂಥದ್ದನ್ನು ಅನುಮಾನಿಸಲು ಯಾರಿಗೂ ಬಾಯಿ ಬರುವುದಿಲ್ಲ. ಅಷ್ಟರಲ್ಲಿ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿಗೆ ಕೆಲಸ ಹೋಯಿತು. ನೀರು ಮನೆ ಹಿಂದೆಯೇ ಸಿಗುವಾಗ ಕೆರೆಯ ಹೂಳು ಯಾರಿಗೆ ಬೇಕು?

ಕಾನೂನು ಕುಂಟುತ್ತ ಬಂತು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬೋರು ಕೂಡದು ಎಂದು 1999ರ ಕಾಯ್ದೆ ಹೇಳಿತು. 2011ರ ಅಂತರ್ಜಲ ಕಾಯ್ದೆ ನೋಂದಣಿ ತಂದಿತು. ಇವೆಲ್ಲ ಲಾರಿ ಊರು ಬಿಟ್ಟ ಮೇಲೆ ಗೇಟು ಹಾಕಿದ ಹಾಗೆ.

ಈಗ ಕೋಲಾರಕ್ಕೆ ಇನ್ನೊಬ್ಬ ಹೊಸ ನೆಂಟ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯಿಟ್ಟು ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ. 2018ರಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಕೆಲವೇ ವಾರಗಳಲ್ಲಿ ನೊರೆ ಎದ್ದಿತು. ಈ ಸಲ ಗುಮಾನಿ ಮೊದಲೇ ಬಂತು, ನ್ಯಾಯಾಲಯಕ್ಕೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಎಂಬುದು ಬೇಡಿಕೆ. ಇತ್ತ ಕೆರೆಯ ಅಕ್ಕಪಕ್ಕ ಬತ್ತಿದ್ದ ಬೋರುಗಳಲ್ಲಿ ನೀರು ಏರಿದೆ. ಏರಿದ ಆ ನೀರನ್ನು ಮತ್ತದೇ ಸಬ್‌ಮರ್ಸಿಬಲ್ ಮೋಟರೇ ಎತ್ತುತ್ತಿದೆ, ಕರೆಂಟು ಈಗಲೂ ಉಚಿತ.