ಲಾಂಚಿಗೆ ನೀರು ಕಷ್ಟವಲ್ಲ, ದಡ ಕಷ್ಟ

ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಊರುಗಳನ್ನು ಸಾಗರ ಸೀಮೆಯವರು ‘ದ್ವೀಪ’ ಅಂತಲೇ ಕರೆಯುತ್ತಾರೆ. ನಕಾಶೆ ನೋಡಿದರೆ ಅದು ಪೂರ್ತಿ ದ್ವೀಪವಲ್ಲ, ಕಾಡಿನ ಕಡೆಯಿಂದ ಸುತ್ತುದಾರಿ ಇದೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಳೆಯ ದಾರಿಗಳು ಮುಳುಗಿದ ಮೇಲೆ, ಪೇಟೆಗೆ ಹತ್ತಿರದ ದಾರಿ ಎಂದರೆ ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಲಾಂಚ್. 2025ರ ಜುಲೈ 14ರಂದು ಸೇತುವೆ ತೆರೆಯುವ ತನಕ ಸಿಗಂದೂರಿನ ಭಕ್ತರು, ಬಸ್ಸು, ಬೈಕು ಎಲ್ಲಕ್ಕೂ ಅದೇ ಆಧಾರ.

ಲಾಂಚ್ ನಡುನೀರಿನಲ್ಲಿರುವಾಗ ಚಾಲಕನಿಗೆ ಅಂಥ ಕೆಲಸವಿಲ್ಲ. ಕಸುಬು ತಿಳಿಯುವುದು ದಡದಲ್ಲಿ.

ಇಪ್ಪತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ, ಪೆಟ್ಟಿಗೆಯಂಥ ಚಪ್ಪಟೆ ತಳದ ಲಾಂಚೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ನೀರಿಗೆ ತಾಗುವ ವಿಸ್ತೀರ್ಣ 120 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಬೇಕಾದರೆ 1.2 ಟನ್ ಭಾರ ಬೇಕು. ಹತ್ತು ಟನ್ನಿನ ಬಸ್ಸು ಡೆಕ್ಕಿನ ನಟ್ಟನಡುವೆ ನಿಂತರೆ ಲಾಂಚ್ ಎಂಟು ಸೆಂಟಿಮೀಟರಿನಷ್ಟು ಇಳಿಯುತ್ತದೆ, ಗೇಣಿನ ಅರ್ಧವೂ ಅಲ್ಲ. ಆದರೆ ಬಸ್ಸು ನಡುವಿಗೆ ಹಾರಿ ಬಂದು ಕೂರುವುದಿಲ್ಲವಲ್ಲ, ತುದಿಯಿಂದಲೇ ಹತ್ತಬೇಕು. ಅದರ ಭಾರವೆಲ್ಲ ತುದಿಯ ಹತ್ತಿರ ಇರುವಾಗ ಆ ತುದಿ ಸುಮಾರು ಮೂವತ್ತು ಸೆಂಟಿಮೀಟರ್ ತಗ್ಗುತ್ತದೆ, ಆಚೆ ತುದಿ ಮೇಲೇಳುತ್ತದೆ. ದಡಕ್ಕೆ ಚಾಚಿದ ರ‍್ಯಾಂಪಿನ ಇಳಿಜಾರು ಚಕ್ರ ಉರುಳುತ್ತಿದ್ದಂತೆಯೇ ಬದಲಾಗುವುದು ಇದರಿಂದ. ಗಾಡಿ ತಗ್ಗಿದ್ದರೆ ಹೊಟ್ಟೆ ಉಜ್ಜುತ್ತದೆ. ಬಸ್ಸು ಹತ್ತಿಸುವ ಮೊದಲು ಜನರನ್ನು ಇಳಿಸುವುದು ಕ್ಷೇಮ ಎನ್ನುವುದಕ್ಕೂ ಇದೇ ಕಾರಣ: ಐವತ್ತು ಜನ ಎಂದರೆ ಮೂರು ಟನ್.

ಗಾಡಿ ಇಳಿಯುವಾಗ ಇನ್ನೊಂದು ತಕರಾರು. ಬಸ್ಸು ಮುಂದೆ ನುಗ್ಗಬೇಕಾದರೆ ಅದರ ಟೈರು ಡೆಕ್ಕನ್ನು ಹಿಂದಕ್ಕೆ ಒದೆಯಬೇಕು. ತೇಲುವ ಡೆಕ್ಕು ಒದ್ದತ್ತ ಹೊರಟುಬಿಡುತ್ತದೆ. ಮುಂದಿನ ಚಕ್ರ ದಡದಲ್ಲಿ, ಹಿಂದಿನ ಚಕ್ರ ಲಾಂಚಿನಲ್ಲಿ, ನಡುವೆ ಅಗಲವಾಗುತ್ತಿರುವ ನೀರು: ಕಡವಿನಲ್ಲಿ ಗಾಡಿ ನೀರಿಗೆ ಬೀಳುವುದು ಹೀಗೆ. ದಡ ಮುಟ್ಟಿದ ಮೇಲೂ ಇಂಜಿನ್ ಆರಿಸದೆ ಲಾಂಚನ್ನು ದಡಕ್ಕೆ ಒತ್ತಿ ಹಿಡಿಯಬೇಕಾದದ್ದು, ಹಗ್ಗ ಬಿಗಿಯಬೇಕಾದದ್ದು ಅದಕ್ಕೇ. ಡೀಸೆಲ್ ದಂಡ ಎಂದು ಗೊಣಗುವವರಿಗೆ ಇದು ಹೊಳೆಯುವುದಿಲ್ಲ.

ಅಡ್ಡಡ್ಡ ವಾಲುವುದನ್ನು ತಡೆಯುವುದು ಅಗಲ, ಅದೂ ಘನದ ಲೆಕ್ಕದಲ್ಲಿ. ಅಗಲ ಎರಡು ಪಟ್ಟಾದರೆ ತಡೆಯುವ ಶಕ್ತಿಯ ಮುಖ್ಯ ಅಂಶ ಎಂಟು ಪಟ್ಟಾಗುತ್ತದೆ. ಅದಕ್ಕೇ ಲಾಂಚುಗಳು ದೋಣಿಯಂತೆ ಚೂಪಾಗಿರದೆ ಮಂಚದಂತೆ ಅಗಲವಾಗಿರುತ್ತವೆ. ಭಾರದ ಗಾಡಿ ನಡುವೆ, ಬೈಕು ಅಂಚಿಗೆ, ಚಕ್ರಕ್ಕೆ ಮರದ ಅಡ್ಡೆ.

ಬೇಸಿಗೆಯಲ್ಲಿ ಏನಾಗುತ್ತದೆ ನೋಡಿ. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ವಿದ್ಯುತ್ತಿಗೆ ನೀರು ಬಿಟ್ಟು ಬಿಟ್ಟು ಕೆಲವು ವರ್ಷ ಅದು ಎಷ್ಟು ಇಳಿಯುತ್ತದೆಂದರೆ, 1948ರಲ್ಲಿ ಕಟ್ಟಿದ್ದ, ಈಗ ಹಿನ್ನೀರಿನ ಹೊಟ್ಟೆಯೊಳಗಿರುವ ಹಿರೇಭಾಸ್ಕರ ಅಣೆಕಟ್ಟು ಎದ್ದು ಕಾಣುತ್ತದೆ. ದಡ ಇಪ್ಪತ್ತಕ್ಕೆ ಒಂದರಂತೆ ಇಳಿಜಾರಾಗಿದ್ದರೆ, ನೀರು ಒಂದು ಮೀಟರ್ ಇಳಿದಾಗ ಅಂಚು ಇಪ್ಪತ್ತು ಮೀಟರ್ ಹಿಂದೆ ಸರಿಯುತ್ತದೆ. ಕಾಂಕ್ರೀಟು ಮೇಲೆಯೇ ಉಳಿಯುತ್ತದೆ, ಮುಂದೆ ಬರೀ ಕೆಸರು. ಲಾಂಚ್ 80 ಸೆಂಟಿಮೀಟರ್ ಮುಳುಗಿ ತೇಲುತ್ತಿದ್ದರೆ ನೀರಂಚಿನಿಂದ ಹದಿನಾರು ಮೀಟರ್ ದೂರದಲ್ಲೇ ಅದರ ತಳ ನೆಲ ಕಚ್ಚುತ್ತದೆ. ಅಷ್ಟುದ್ದದ ರ‍್ಯಾಂಪು ಯಾವ ಲಾಂಚಿಗಿದೆ? ಮುಳುಗಿ ಸತ್ತ ಮರಗಳ ಬೊಡ್ಡೆ ಬೇರೆ, ಪ್ರೊಪೆಲ್ಲರಿಗೆ ತಗುಲಿದರೆ ರೆಕ್ಕೆ ಸೊಟ್ಟ. ನೀರು ತೀರಾ ಇಳಿದಾಗ ವಾಹನ ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದುದು ಯಾರದ್ದೋ ಹಟವಲ್ಲ. ಭಾರ ಕಡಿಮೆಯಾದರೆ ಲಾಂಚ್ ಮೇಲೇಳುತ್ತದೆ, ದಡಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಮನುಷ್ಯರಾದರೆ ಒಂದು ಹಲಗೆಯ ಮೇಲೂ ನಡೆದು ಇಳಿದಾರು.

ಸಮುದ್ರದಲ್ಲಿ ಇದೇ ಏರಿಳಿತ ಭರತ–ಇಳಿತದಿಂದ ದಿನಕ್ಕೆರಡು ಸಲ. ದೊಡ್ಡ ಬಂದರುಗಳಲ್ಲಿ ಒಂದು ತುದಿ ದಡಕ್ಕೆ ಕೀಲು ಹಾಕಿ, ಇನ್ನೊಂದು ತುದಿಯನ್ನು ಯಂತ್ರದಿಂದಲೋ ತೇಲುಪೆಟ್ಟಿಗೆಯಿಂದಲೋ ಏರಿಸಿ ಇಳಿಸುವ ಸೇತುವೆಯನ್ನೇ ಇಡುತ್ತಾರೆ. ಅದು ಹಡಗಿಗೆ ಹೊಂದದಿದ್ದರೆ ಏನಾಗಬಹುದು ಎನ್ನುವುದಕ್ಕೆ ಬೆಲ್ಜಿಯಂನ ‘ಝೀಬ್ರುಗೆ’ ಬಂದರು ಸಾಕ್ಷಿ. ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ನಡುವಿನ ದಾರಿಗೆಂದು ಕಟ್ಟಿದ, ಜನ–ವಾಹನ ದಾಟಿಸುವ ಹಡಗು. ಭರತವಿದ್ದಾಗ ಝೀಬ್ರುಗೆಯ ರ‍್ಯಾಂಪು ಅದರ ಮೇಲಿನ ಡೆಕ್ಕಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಮುಂದಿನ ತೊಟ್ಟಿಗಳಿಗೆ ನೀರು ತುಂಬಿಸಿ ಮೂತಿ ತಗ್ಗಿಸುತ್ತಿದ್ದರು. 1987ರ ಮಾರ್ಚ್ 6ರ ಸಂಜೆ ಹಡಗು ಹೊರಟಾಗ ಆ ನೀರು ಪೂರ್ತಿ ಹೊರಗೆ ಹೋಗಿರಲಿಲ್ಲ, ಮೂತಿ ಇನ್ನೂ ತಗ್ಗಿಯೇ ಇತ್ತು. ಮುಂಬಾಗಿಲು ಮುಚ್ಚಬೇಕಾದವನು ನಿದ್ದೆ ಹೋಗಿದ್ದ. ವೇಗ ಹೆಚ್ಚಿದಂತೆ ಮೂತಿಯ ಮುಂದಿನ ಅಲೆ ಎದ್ದು, ತೆರೆದ ಬಾಗಿಲಿನಿಂದ ನೀರು ನುಗ್ಗಿತು. ಗಾಡಿಗಳನ್ನು ಸಾಲಾಗಿ ನಿಲ್ಲಿಸಲೆಂದು ನಡುವೆ ಅಡ್ಡಗೋಡೆಯೇ ಇಲ್ಲದಂತೆ ಬಿಟ್ಟ ಉದ್ದನೆಯ ಡೆಕ್ಕು ಅದು. ಹರಿವಾಣದಲ್ಲಿ ನೀರು ಹಿಡಿದು ನಡೆದು ನೋಡಿ, ವಾಲಿದ ಕಡೆಗೇ ನೀರೆಲ್ಲ ಓಡಿ ಇನ್ನಷ್ಟು ವಾಲಿಸುತ್ತದೆ. ನಿಮಿಷಗಳೊಳಗೆ ಹಡಗು ಮಗ್ಗುಲಾಯಿತು. ಸತ್ತವರು 193 ಮಂದಿ.

ಬಾಗಿಲು ಮುಚ್ಚಿದೆಯೇ ಎಂದು ಕಪ್ತಾನನಿಗೆ ತಾನು ನಿಂತಲ್ಲಿಂದ ಕಾಣುತ್ತಿರಲಿಲ್ಲ. ಅದನ್ನು ತೋರಿಸುವ ದೀಪ ಕಪ್ತಾನನ ಕಣ್ಣೆದುರಿಗಿರಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು ಆಮೇಲೆ.