ಐರನ್ ಕ್ರಾಸ್ ಕೊಳ್ಳುವ ಮೊದಲು ಅಂಚು ನೋಡಿ

ಹಳೇ ಜರ್ಮನ್ ಪದಕ ಕೈಗೆ ಬಂದರೆ ಹೊಸ ಸಂಗ್ರಾಹಕರು ಮೊದಲು ಮುಂಭಾಗ ನೋಡುತ್ತಾರೆ. ಕಿರೀಟ ಇದೆಯಾ, ಇಸವಿ ಇದೆಯಾ ಅಂತ. ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನಾನು ಪದಕವನ್ನು ಅಡ್ಡ ಹಿಡಿದು, ಭೂತಗನ್ನಡಿಯಲ್ಲಿ ಅಂಚು ನೋಡುತ್ತೇನೆ.

ಐರನ್ ಕ್ರಾಸ್ ಅಂದರೆ ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಶಿಲುಬೆ ಆಕಾರದ ಪದಕ. ಮೊದಲ ಮಹಾಯುದ್ಧದ, ಅಂದರೆ 1914ರ ಐರನ್ ಕ್ರಾಸ್‌ನ ಎರಡನೇ ದರ್ಜೆಯದನ್ನೇ ತಗೊಳ್ಳಿ. ಇದು ಒಂದೇ ಲೋಹದ ತುಂಡಲ್ಲ. ಮಧ್ಯೆ ಕಪ್ಪು ಬಣ್ಣ ಹಚ್ಚಿದ ಕಬ್ಬಿಣದ ತಿರುಳು. ಅದನ್ನು ಹಿಂದೆ ಮುಂದೆ ಹಿಡಿದಿರುವುದು ಬೆಳ್ಳಿಯ ಎರಡು ಚೌಕಟ್ಟು. ಎರಡನ್ನೂ ಅಂಚಿನಲ್ಲಿ ಬೆಸೆದಿರುತ್ತಾರೆ. ಅಸಲಿ ಆಗಿದ್ದರೆ ಆ ಬೆಸುಗೆಯ ತೆಳು ಗೆರೆ ಸಾಮಾನ್ಯವಾಗಿ ಎಲ್ಲಾದರೂ ಒಂದು ಕಡೆ ಕಾಣುತ್ತದೆ. ಒಂದೇ ತುಂಡಲ್ಲಿ ಎರಕ ಹೊಯ್ದು ಬಣ್ಣ ಬಳಿದ ನಕಲಿಯಲ್ಲಿ ಗೆರೆ ಇರುವುದಿಲ್ಲ, ಅರ ಹಾಕಿ ಉಜ್ಜಿದ ಗುರುತು ಇರುತ್ತದೆ. ಚೌಕಟ್ಟಿನ ಒಳಸುತ್ತಿಗೆ ಸಣ್ಣ ಗೀರುಗಳ ಸಾಲಿದೆ, ಅದನ್ನೂ ನೋಡಿ. ಅಚ್ಚು ಒತ್ತಿದ್ದರೆ ಒಂದೊಂದು ಗೀರೂ ಚೂಪಾಗಿರುತ್ತದೆ. ಎರಕದಲ್ಲಿ ಕರಗಿದ ಬೆಲ್ಲದ ಹಾಗೆ ಮೊಂಡಾಗಿರುತ್ತದೆ.

ಅಯಸ್ಕಾಂತ ಹಿಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಕಬ್ಬಿಣವಿಲ್ಲದ ಅಸಲಿಗಳೂ ಇವೆ, ಕಬ್ಬಿಣ ಹಾಕಿದ ನಕಲಿಗಳೂ ಇವೆ.

ಇನ್ನು ಪದಕದ ಜೊತೆ ಮಾರುವವರು ಹೇಳುವ ಕಥೆಗಳ ವಿಷಯ. ಅದೇ ಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕಾಲದ ಬ್ರಿಟಿಷ್ ಬೆಳ್ಳಿ ಪದಕ ನೋಡಿದವರಿಗೆ ಅಂಚಿನಲ್ಲಿ ಸೈನಿಕನ ಹೆಸರು ಹುಡುಕುವ ಅಭ್ಯಾಸ ಇರುತ್ತದೆ. ಐರನ್ ಕ್ರಾಸ್ ಕೊಡುವಾಗ ಹೆಸರು ಕೆತ್ತುತ್ತಿರಲಿಲ್ಲ. ಎರಡನೇ ದರ್ಜೆಯದನ್ನು ಆ ಯುದ್ಧದಲ್ಲಿ ಸುಮಾರು 50 ಲಕ್ಷ ಜನಕ್ಕೆ ಕೊಟ್ಟಿದ್ದಾರೆ. ಹಾಗಾಗಿ ಯಾವ ಪದಕಕ್ಕೆ ಯಾವ ವೀರನ ಕಥೆ ಬೇಕಾದರೂ ಅಂಟಿಸಬಹುದು. ಮಾರುವವರು ಅದನ್ನೇ ಮಾಡುತ್ತಾರೆ! ಪ್ರದಾನದ ಪತ್ರವೋ, ಸೈನಿಕನ ಸೇವಾ ಪುಸ್ತಕವೋ ಜೊತೆಗಿಲ್ಲದಿದ್ದರೆ ಕಥೆಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಎರಡನೇ ಮಹಾಯುದ್ಧದ, ಅಂದರೆ 1939ರ ಐರನ್ ಕ್ರಾಸ್ ಮೇಲೆ ನಾಜಿಗಳ ಸ್ವಸ್ತಿಕ ಇದೆ. ಜರ್ಮನಿಯಲ್ಲಿ ಅದನ್ನು ಸಾರ್ವಜನಿಕವಾಗಿ ತೋರಿಸಲು ಕಾನೂನಿನ ನಿರ್ಬಂಧವಿದೆ. 1957ರ ಕಾನೂನಿನ ನಂತರ ಮಾಜಿ ಸೈನಿಕರು ಧರಿಸಲೆಂದು ಅದರ ಜಾಗದಲ್ಲಿ ಓಕ್ ಎಲೆ ಹಾಕಿ ಹೊಸದಾಗಿ ಮಾಡಿದರು. ಅವು ನಕಲಿಯಲ್ಲ, ಆದರೆ ಯುದ್ಧಕಾಲದ ಪದಕದ ಬೆಲೆಗೆ ಕೊಳ್ಳುವಂಥವೂ ಅಲ್ಲ.

ಶುರು ಮಾಡುವವರಿಗೆ ನಾನು ಹೇಳುವುದು 1934ರ ಹಿಂಡೆನ್‌ಬರ್ಗ್ ಶಿಲುಬೆ. ಮೊದಲ ಯುದ್ಧದಲ್ಲಿದ್ದವರಿಗೆ ಕೊಟ್ಟಿದ್ದು, ಸ್ವಸ್ತಿಕ ಇಲ್ಲ. ಮುಂಚೂಣಿಯಲ್ಲಿದ್ದವರದಕ್ಕೆ ಕತ್ತಿಗಳಿವೆ, ಉಳಿದವರದಕ್ಕೆ ಇಲ್ಲ, ಮಡಿದವರ ವಿಧವೆಯರಿಗೆ ಮತ್ತು ತಂದೆತಾಯಿಗೆ ಕಪ್ಪು ಬಣ್ಣದ್ದು. ಲಕ್ಷಗಟ್ಟಲೆ ಹಂಚಿದ್ದರಿಂದ ಬೆಲೆಯೂ ಕಡಿಮೆ.

ಕೊಂಡ ಮೇಲೆ ದಯವಿಟ್ಟು ಉಜ್ಜಬೇಡಿ. ಬೆಳ್ಳಿ ಹೊಳೆಯಲಿ ಅಂತ ಪಾಲಿಶ್ ಹಾಕಿದರೆ ತಿರುಳಿನ ಕಪ್ಪು ಬಣ್ಣವೂ ಎದ್ದು ಬರುತ್ತದೆ, ಬೆಲೆ ಬಿದ್ದುಹೋಗುತ್ತದೆ. ಪಿವಿಸಿ ಕವರಿನಲ್ಲೂ ಇಡಬೇಡಿ, ಅದು ನಿಧಾನಕ್ಕೆ ಲೋಹವನ್ನು ತಿನ್ನುತ್ತದೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬದಲಾಯಿಸಿ.