ಜಿಬಿ ಎಷ್ಟು ಅಂತ ಕೇಳಬೇಡಿ, ಕಾಲುವೆ ಎಷ್ಟು ಅಗಲ ಅಂತ ಕೇಳಿ

ಬೆಳಗಾವಿಯಿರಲಿ, ಬಾಗಲಕೋಟೆಯ ನವನಗರವಿರಲಿ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಜಿಬಿದು ಐತ್ರಿ?’ 4ಕ್ಕಿಂತ 8 ಚಲೋ, 8ಕ್ಕಿಂತ 12 ಚಲೋ. ಡಬ್ಬಿಯ ಮೇಲೂ ಮೆಮೊರಿಯ ಆ ಅಂಕಿಯೇ ದಪ್ಪಗೆ ಅಚ್ಚಾಗಿರುತ್ತದೆ. ಈ ನಂಬಿಕೆ ತಪ್ಪು. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರೂ ಇದನ್ನೇ ನಂಬಿ, ಮನೆಯವರು ಕಷ್ಟಪಟ್ಟು ಕೂಡಿಸಿದ ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಗ್ರಾಫಿಕ್ಸ್ ಚಿಪ್ ಮಾಡುವ ಕಂಪನಿ ಎನ್‌ವಿಡಿಯಾ 2017ರಲ್ಲಿ ಜಿಟಿ 1030 ಎಂಬ ಕಾರ್ಡ್ ತಂದಿತು. 384 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), 2 ಜಿಬಿ ಜಿಡಿಡಿಆರ್5 ಮೆಮೊರಿ. ಮರುವರ್ಷ ಅದೇ ಹೆಸರಲ್ಲಿ ಇನ್ನೊಂದು ಬಂತು. ಅದರಲ್ಲೂ 384 ಕೋರ್, ಅದೇ 2 ಜಿಬಿ. ಮೆಮೊರಿ ಮಾತ್ರ ಡಿಡಿಆರ್4 ಎಂಬ ನಿಧಾನದ ಬಗೆಯದು, ಕೋರ್‌ಗಳ ವೇಗ ತುಸು ಕಡಿಮೆ. ಹಲವು ಗೇಮ್‌ಗಳಲ್ಲಿ ಈ ಎರಡನೆಯದರ ಓಟ ಮೊದಲನೆಯದರ ಅರ್ಧದ ಹತ್ತಿರಕ್ಕೆ ಕುಸಿಯಿತು. ಯಾಕೆ? ಮೊದಲನೆಯದರಲ್ಲಿ ಮೆಮೊರಿಯಿಂದ ಚಿಪ್‌ಗೆ ಸೆಕೆಂಡಿಗೆ 48 ಜಿಬಿ ಹರಿಯಬಹುದು. ಎರಡನೆಯದರಲ್ಲಿ 16.8 ಜಿಬಿ ಅಷ್ಟೇ.

ಈ ಹರಿವೇ ನನಗೆ ಇಡೀ ಕಾರ್ಡಿನಲ್ಲಿ ಅತ್ಯಂತ ಇಷ್ಟದ ವಿಷಯ. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಆಲಮಟ್ಟಿ ತುಂಬಿದಾಗ 123 ಟಿಎಂಸಿ ನೀರು ನಿಲ್ಲುತ್ತದೆ. ಅದೇ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಮುಳುಗಿ, ನವನಗರ ಎದ್ದಿತು. ಆದರೆ ಡ್ಯಾಮ್ ತುಂಬಿದೆ ಎಂದ ಮಾತ್ರಕ್ಕೆ ಕಾಲುವೆಯ ಕೊನೆಯಲ್ಲಿರುವ ರೈತನ ಹೊಲ ತೊಯ್ಯುತ್ತದೆಯೇ? ಕಾಲುವೆ ಎಷ್ಟು ಅಗಲ, ನೀರು ಎಷ್ಟು ರಭಸದಲ್ಲಿ ಬರುತ್ತದೆ ಎನ್ನುವುದರ ಮೇಲೆ ಅದು ನಿಂತಿದೆ. ಕಾರ್ಡಿನ ಜಿಬಿ ಎಂದರೆ ಡ್ಯಾಮಿನ ಟಿಎಂಸಿ. ಸಾವಿರಾರು ಕೋರ್‌ಗಳು ಹೊಲಗಳು. ನಡುವಿನ ಕಾಲುವೆಗೆ ‘ಮೆಮೊರಿ ಬಸ್’ ಎನ್ನುತ್ತಾರೆ, ಅದರ ಅಗಲವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ.

ಲೆಕ್ಕ ಸರಳ. ಅಗಲವನ್ನು ವೇಗದಿಂದ ಗುಣಿಸಿ, 8ರಿಂದ ಭಾಗಿಸಿ (8 ಬಿಟ್ ಅಂದರೆ ಒಂದು ಬೈಟ್). ಆರ್‌ಟಿಎಕ್ಸ್ 3060ರ 12 ಜಿಬಿ ಕಾರ್ಡಿನಲ್ಲಿ ಬಸ್ 192 ಬಿಟ್, ಪ್ರತಿ ಬಿಟ್‌ನ ದಾರಿಯ ವೇಗ ಸೆಕೆಂಡಿಗೆ 15 ಗಿಗಾಬಿಟ್. ಗುಣಿಸಿ ಭಾಗಿಸಿದರೆ ಸೆಕೆಂಡಿಗೆ 360 ಜಿಬಿ. ಆರ್‌ಟಿಎಕ್ಸ್ 3060 ಟಿಐ ಕಾರ್ಡಿನಲ್ಲಿ ಇರುವುದು 8 ಜಿಬಿ ಮಾತ್ರ. ಆದರೆ ಬಸ್ 256 ಬಿಟ್, ವೇಗ 14. ಅಂದರೆ 448 ಜಿಬಿ. ಕೋರ್‌ಗಳೂ 3584ರ ಬದಲು 4864. ಹೀಗಾಗಿ ಬಹುತೇಕ ಗೇಮ್‌ಗಳಲ್ಲಿ 8 ಜಿಬಿಯದೇ ಮುಂದೆ. ಇನ್ನೊಂದು ಎಚ್ಚರಿಕೆ: 3060 ಹೆಸರಿನಲ್ಲೇ 8 ಜಿಬಿಯ ಕಾರ್ಡೊಂದು ಮಾರಾಟಕ್ಕಿತ್ತು. ಕೋರ್ ಅಷ್ಟೇ, ಬಸ್ ಮಾತ್ರ 128 ಬಿಟ್. ಹರಿವು 240ಕ್ಕೆ ಇಳಿಯಿತು. ಡಬ್ಬಿಯ ಮೇಲಿನ ಹೆಸರು ನೋಡಿ ತಂದವರಿಗೆ ಇದು ಗೊತ್ತಾಗುವುದು ಹೇಗೆ?

ಇದು ಇವತ್ತಿನ ಕಥೆಯಲ್ಲ. ಎನ್‌ವಿಡಿಯಾ 1999ರಲ್ಲಿ ಜಿಫೋರ್ಸ್ 256 ತಂದು, ‘ಜಗತ್ತಿನ ಮೊದಲ ಜಿಪಿಯು’, ಅಂದರೆ ಗ್ರಾಫಿಕ್ಸ್ ಚಿಪ್, ಎಂದು ಸಾರಿತು. (ಸೋನಿ 1994ರಲ್ಲೇ ಪ್ಲೇಸ್ಟೇಷನ್‌ನ ಚಿಪ್‌ಗೆ ಜಿಪಿಯು ಎಂಬ ಹೆಸರು ಬಳಸಿತ್ತು.) ಆ ಕಾರ್ಡ್‌ನ ಮೊದಲ ರೂಪದಲ್ಲಿ ಹರಿವು ಸೆಕೆಂಡಿಗೆ ಸುಮಾರು 2.6 ಜಿಬಿ. ಬೆನ್ನಿಗೇ ಡಿಡಿಆರ್ ಮೆಮೊರಿಯ ರೂಪ ಬಂತು, ಹರಿವು 4.8 ಆಯಿತು. ಚಿಪ್ ಅದೇ. ಆದರೂ ಗೇಮ್‌ಗಳು ಎದ್ದು ಕಾಣುವಷ್ಟು ಚುರುಕಾದವು. ಅಂದರೆ ಜಿಫೋರ್ಸ್ ಮಾರುಕಟ್ಟೆಗೆ ಬಂದ ಕಾಲದಿಂದಲೂ ಕಾಲುವೆಯದ್ದೇ ಕಾರುಬಾರು.

ಹಾಗಾದರೆ, ಮುಂದಿನ ತಲೆಮಾರಿನ ಆರ್‌ಟಿಎಕ್ಸ್ 4060ರ ಹರಿವು 272 ಜಿಬಿ ಮಾತ್ರ, 3060ರದ್ದು 360. ಆದರೂ ಹೊಸದೇ ಯಾಕೆ ವೇಗ? ಬಲ್ಲವರು ಕೇಳುವ ಪ್ರಶ್ನೆ ಇದು. ಹೊಲದಲ್ಲೇ ಕೃಷಿ ಹೊಂಡ ಇದ್ದವರು ಪ್ರತಿ ಸಲ ಕಾಲುವೆಗೆ ಕಾಯುವುದಿಲ್ಲ, ಅಲ್ವಾ? ಚಿಪ್‌ನೊಳಗಿನ ಕ್ಯಾಶ್ ಎಂದರೆ ಆ ಹೊಂಡ. 3060ರಲ್ಲಿ ಎರಡನೇ ಹಂತದ ಕ್ಯಾಶ್ 3 ಎಂಬಿ, 4060ರಲ್ಲಿ 24 ಎಂಬಿ. ಬೇಕಾದ ದತ್ತಾಂಶ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಚಿಪ್‌ನ ವೇಗವೂ ಜಾಸ್ತಿ. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ 2020ರಲ್ಲೇ ಈ ದಾರಿ ಹಿಡಿದು, ದೊಡ್ಡ ಕಾರ್ಡ್‌ಗಳಲ್ಲಿ 128 ಎಂಬಿ ಕ್ಯಾಶ್ ಇಟ್ಟಿತ್ತು. ಆದರೆ 4ಕೆ ಪರದೆಗೆ ಹೋದರೆ ದತ್ತಾಂಶ ಉಬ್ಬುತ್ತದೆ, ಹೊಂಡ ಸಾಲದು, ಮತ್ತೆ ಕಾಲುವೆಯ ಅಗಲವೇ ಗತಿ.

ಕೋರ್ ಎಣಿಸುವವರಿಗೂ ಒಂದು ಮಾತು. ಒಂದೇ ತಲೆಮಾರಿನ ಕಾರ್ಡ್‌ಗಳಲ್ಲಿ ಎಣಿಸಿ, ಬೇರೆ ತಲೆಮಾರಿನೊಂದಿಗೆ ಬೇಡ. ಆರ್‌ಟಿಎಕ್ಸ್ 2080 ಟಿಐಗೆ 4352 ಕೋರ್, 3070ಕ್ಕೆ 5888. ಕಾಗದದ ಮೇಲೆ ಒಂದು 13.4 ಟೆರಾಫ್ಲಾಪ್ (ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ ಮಾಡಿದರೆ ಒಂದು ಟೆರಾಫ್ಲಾಪ್), ಇನ್ನೊಂದು 20.3. ಆಟದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಎನ್‌ವಿಡಿಯಾ ನಡುವೆ ಕೋರ್ ಎಂದು ಎಣಿಸುವ ಘಟಕಗಳ ರಚನೆಯನ್ನೇ ಬದಲಿಸಿತ್ತು.

ಜಿಬಿಗೆ ಬೆಲೆಯೇ ಇಲ್ಲವೆಂದಲ್ಲ. ಗೇಮ್‌ಗೆ 10 ಜಿಬಿ ಬೇಕು, ಕಾರ್ಡಿನಲ್ಲಿ 8 ಇದೆ ಎಂದರೆ ಮಿಕ್ಕಿದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ಬರುವ ದಾರಿ ತೀರಾ ಕಿರಿದು. 4060ಕ್ಕೆ ಅದು ಸೆಕೆಂಡಿಗೆ ಸುಮಾರು 16 ಜಿಬಿ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿ ಕಂಡರೂ ಆಟ ನಡುನಡುವೆ ತಡವರಿಸುವುದು ಇದರಿಂದಲೇ. ಹಾಗಾಗಿ ಸರಾಸರಿಯ ಜೊತೆಗೆ ‘1% ಲೋ’, ಅಂದರೆ ಅತಿ ನಿಧಾನದ ಶೇ 1ರಷ್ಟು ಚಿತ್ರಗಳ ವೇಗದ ಅಂಕಿಯನ್ನೂ ನೋಡಿ.

ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟ್ ಮಾಡುವ ವಿಟಿಯು ವಿದ್ಯಾರ್ಥಿಗಳಿಗೆ ಲೆಕ್ಕ ಬೇರೆ. 700 ಕೋಟಿ ಪ್ಯಾರಾಮೀಟರ್‌ಗಳ (ಮಾದರಿ ಕಲಿತಿಟ್ಟುಕೊಂಡ ಸಂಖ್ಯೆಗಳ) ಭಾಷಾ ಮಾದರಿ 16 ಬಿಟ್‌ನಲ್ಲಿ 14 ಜಿಬಿ ತಿನ್ನುತ್ತದೆ, 4 ಬಿಟ್‌ಗೆ ಇಳಿಸಿದರೆ 3.5 ಜಿಬಿ. ಮೊದಲು ಅದು ಕಾರ್ಡಿನಲ್ಲಿ ಹಿಡಿಸಬೇಕು. ಅವರಿಗೆ 8 ಜಿಬಿಯ ಟಿಐಗಿಂತ 12 ಜಿಬಿಯ 3060 ಒಳ್ಳೆಯದು. ಹಿಡಿಸಿದ ಮೇಲೆ ಮತ್ತೆ ಹರಿವೇ ಮುಖ್ಯ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಬರೆಯಲು ಇಡೀ ಮಾದರಿಯನ್ನು ಒಮ್ಮೆ ಓದಬೇಕು. 360ನ್ನು 3.5ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 100 ಟೋಕನ್. ಒಂದೊಂದಾಗಿ ಬರೆಯುವಾಗ ಕೋರ್ ಎಷ್ಟೇ ಇರಲಿ, ಇದೇ ಮಿತಿ. ಎಷ್ಟು ಚೆಂದದ ಲೆಕ್ಕ ನೋಡಿ!

ಲ್ಯಾಪ್‌ಟಾಪ್ ಕೊಳ್ಳುವವರು ವ್ಯಾಟ್ ಕೇಳಲೇಬೇಕು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ನ್ನು ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟಕ್ಕಾದರೂ ಕಟ್ಟಿಹಾಕಬಹುದು. ಅಂಟಿಸಿದ ಚೀಟಿ ಒಂದೇ, ಓಟ ಬೇರೆ ಬೇರೆ. ವಿಜಯಪುರದ ಮೇ ತಿಂಗಳಲ್ಲಿ, 40 ಡಿಗ್ರಿಯ ಗಾಳಿಯನ್ನೇ ಫ್ಯಾನ್ ಒಳಗೆಳೆಯುವಾಗ, ಚಿಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎಸಿ ಕೋಣೆಯಲ್ಲಿ ಕೂತು ಅಳೆದವರ ವಿಡಿಯೊದಲ್ಲಿ ಇದು ಕಾಣುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಅರ್ಧ ತಾಸು ಒಂದು ಗೇಮ್ ಓಡಿಸಿ ತೋರಿಸಲು ಹೇಳಿ. ಮೊದಲ ಐದು ನಿಮಿಷದ ಎಫ್‌ಪಿಎಸ್ ಒಂದು ಕಡೆ, ಕೊನೆಯ ಐದು ನಿಮಿಷದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ಎರಡರ ನಡುವೆ ತುಂಬಾ ಅಂತರ ಇದ್ದರೆ ಬೇರೆ ಮಾಡೆಲ್ ತೋರಿಸಲು ಕೇಳಿ.